ಕಪ್ಪು ಡಬ್ಬಿಯ ಮೃತ್ತಿಕೆ

ವಡೋದರಾ
4 ಆಗಸ್ಟ್ 2024, ರವಿವಾರ

ಅಪ್ಪಾ,

ನಾನು ಆರಾಮ. ಇದು ಸುಳ್ಳು, ಆದರೆ ಕಾಗದ ಹೀಗೇ ಶುರುವಾಗಬೇಕಲ್ಲ.

ಕಾಲೇಜು ಸೇರಿ ಮೂರು ವಾರವಾಯಿತು. ಇಲ್ಲಿ ಫೋನು ಕಸಿದುಕೊಳ್ಳುವುದಿಲ್ಲ, ನಮ್ಮ ಕಾಗದ ಒಡೆದು ಓದುವ ವಾರ್ಡನ್ನೂ ಇಲ್ಲ. ಆದರೂ ರವಿವಾರ ಬಂತೆಂದರೆ ಕೈ ತಾನಾಗಿಯೇ ಪೆನ್ನು ಹುಡುಕುತ್ತದೆ. ಎಂಟು ವರ್ಷದ ಹಾಸ್ಟೆಲ್ ಶಾಲೆಯ ಅಭ್ಯಾಸ. ವಾರ್ಡನ್‌ಗೆ ಓದಲು ಬಾರದ ಭಾಷೆ ಅಂತಲೇ ನಾನು ಕನ್ನಡ ಬರೆಯಲು ಕಲಿತದ್ದು. ನೀವು ಪ್ರತಿ ಕಾಗದವನ್ನೂ ತಿದ್ದಿ ವಾಪಸ್ ಕಳಿಸುತ್ತಿದ್ದಿರಿ. ಫೋನಿನಲ್ಲಾದರೆ "ಹೂಂ" ಅಂತೀರಿ, "ಊಟ ಆತೇನು" ಅಂತೀರಿ, ಅಮ್ಮನ ಕೈಗೆ ಕೊಟ್ಟುಬಿಡ್ತೀರಿ. ಬರೀ ಹೂಂ ಬರೆದು ಸ್ಟಾಂಪ್ ಹಚ್ಚೋಕಾಗಲ್ಲ. ಅದಕ್ಕೇ ಕಾಗದ.

ವಿಷಯಕ್ಕೆ ಬರುತ್ತೇನೆ. ಕೂತುಕೊಂಡು ಓದಿ.

ಮೊದಲ ವರ್ಷದವರೆಲ್ಲ ಒಂದು ಪುಸ್ತಕ ಓದಲೇಬೇಕಂತೆ. ಹದಿನೈದು ದಿನಕ್ಕೊಂದು ಕ್ವಿಜ್, ಅಂಕ ಇಂಟರ್ನಲ್‌ಗೆ ಸೇರುತ್ತದೆ. 784 ಪುಟದ ಇಂಗ್ಲಿಷ್ ಇಟ್ಟಿಗೆ. ಒಬ್ಬ ಶ್ರೀಮಂತನ ಜೀವನಚರಿತ್ರೆ. ಹದಿಮೂರನೆಯ ವಯಸ್ಸಿಗೆ ಸೌರಾಷ್ಟ್ರದ ಹಳ್ಳಿಯಿಂದ ಸೂರತ್‌ನ ವರಾಛಾಕ್ಕೆ ಬಂದು, ವಜ್ರ ಉಜ್ಜುವ ಘಂಟಿಯ ಮುಂದೆ ಕೂತವನು. ಘಂಟಿ ಅಂದರೆ ಗರಗರ ತಿರುಗುವ ಕಬ್ಬಿಣದ ಚಕ್ರ, ಅದರ ಸುತ್ತ ನಾಲ್ಕು ಜನ ಕೂತು ಕಲ್ಲು ಉಜ್ಜುತ್ತಾರೆ. ಈಗ ಆತನಿಗೆ ವಜ್ರ, ಸೀರೆ, ಕೆಮಿಕಲ್, ಆಸ್ಪತ್ರೆ, ಏನಿಲ್ಲ ಕೇಳಿ. ಜನವರಿಯಲ್ಲಿ ನಮ್ಮ ಹೊಸ ಸಭಾಂಗಣದ ಉದ್ಘಾಟನೆಗೆ ಆತನೇ ಬರುತ್ತಾನೆ.

ಹೆಸರು ಬರೆಯಲಾ? ತ್ರಿಕಮ್‌ಬಾಪಾ.

ನಮ್ಮ ಮನೆಯಲ್ಲಿ ಎತ್ತಬಾರದ ಹೆಸರು. ಟಿವಿಯಲ್ಲಿ ಆತ ಬಂದರೆ ನೀವು ರಿಮೋಟ್ ಹುಡುಕುತ್ತಿರಲಿಲ್ಲ, ಪ್ಲಗ್ಗನ್ನೇ ಕೀಳುತ್ತಿದ್ದಿರಿ. ಒಮ್ಮೆ ಆತನ ಫೋಟೋ ಇದ್ದ ಪೇಪರನ್ನು ಕಸದ ಬುಟ್ಟಿಯ ತಳಕ್ಕೆ ಹಾಸಿದಿರಿ, ಮುಖ ಮೇಲೆ ಬರುವ ಹಾಗೆ ನೋಡಿಕೊಂಡು. ಯಾಕೆ ಅಂದರೆ ಒಂದೇ ಮಾತು: "ಅಂವನಿಂದ ನಾವು ಸೂರತ್ ಬಿಟ್ವಿ." ಸೂರತ್ ಬಿಟ್ಟದ್ದರಿಂದ ನಾನು ಹಾಸ್ಟೆಲ್ ಸೇರಿದೆ. ಅಂದರೆ ಹತ್ತನೆಯ ವಯಸ್ಸಿಗೆ ನನ್ನನ್ನು ಮನೆಯಿಂದ ಹೊರಗೆ ಹಾಕಿದವನು ಆತ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹಾಡುವಾಗ ನಾನು ಆತನಿಗೆ ಶಾಪ ಹಾಕುತ್ತಿದ್ದೆ. ಎಂಟು ವರ್ಷ ಒಂದು ದಿನವೂ ತಪ್ಪಿಸಿಲ್ಲ.

ನನಗೆ ಆತನದೊಂದು ಸುಳ್ಳು ಬೇಕು, ಅಪ್ಪಾ. 784 ಪುಟದಲ್ಲಿ ಒಂದು ಸಿಗದೇ ಇರುತ್ತದಾ? ಜನವರಿಯಲ್ಲಿ ಆತ ವೇದಿಕೆಯ ಮೇಲೆ ಕೂತಾಗ ಎದ್ದು ನಿಂತು ಎಲ್ಲರ ಮುಂದೆ ಓದುತ್ತೇನೆ. ಹಾಜರಿ ಕೂಗುವಾಗ "ಪ್ರೆಸೆಂಟ್" ಅನ್ನದೆ ಬರೀ ಕೈ ಎತ್ತುವ ನಾನು! ಆತ ನಿಮಗೆ ಮಾಡಿದ್ದೇನು ಅಂತ ಈ ಸಲವಾದರೂ ಸರಿಯಾಗಿ ಬರೆಯಿರಿ.

ನಾಳೆ ಮೊದಲ ಕ್ವಿಜ್. ಯಾವತ್ತಿನ ಹಾಗೆ ಅಮ್ಮನ ಕಪ್ಪು ಡಬ್ಬಿಯಿಂದ ಮಂತ್ರಾಲಯದ ಮಠದ ಮಣ್ಣು, ಅದೇ ಮೃತ್ತಿಕೆ, ಹಣೆಗೆ ಹಚ್ಚಿಕೊಂಡು ಹೋಗುತ್ತೇನೆ. ತಳ ಕಾಣುತ್ತಿದೆ, ಇನ್ನಷ್ಟು ಕಳಿಸಲು ಹೇಳಿ.

ನಿಮ್ಮ ಪರವಾಗಿ ಹಲ್ಲು ಕಡಿಯುತ್ತ,
ಅದಿತಿ


ಮಣಿನಗರ, ಅಹಮದಾಬಾದ್
14 ಆಗಸ್ಟ್ 2024

ಚಿ. ಅದಿತಿಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ತಿದ್ದುವಂಥದ್ದು ಹೆಚ್ಚೇನಿರಲಿಲ್ಲ. ಪುಸ್ತಕವನ್ನು ಪರೀಕ್ಷೆಗೆಂದು ಓದು, ಆಮೇಲೆ ಮರೆತುಬಿಡು. ಸುಳ್ಳು ಹುಡುಕುವ ಉಸಾಬರಿ ಬೇಡ.

ಕೇಳಿದ್ದೀ ಎಂದು ಒಮ್ಮೆ ಬರೆಯುತ್ತೇನೆ. 2016ರ ಫೆಬ್ರುವರಿಯಲ್ಲಿ ಸೂರತ್‌ನಲ್ಲಿ ಆತನ ಸೀರೆ ಗೋದಾಮಿಗೆ ಬೆಂಕಿ ಬಿತ್ತು. ನಮ್ಮ ವಿಮಾ ಕಚೇರಿಯಿಂದ ಮೊದಲು ಹೋಗಿ ನೋಡಿ ಟಿಪ್ಪಣಿ ಬರೆಯಬೇಕಾದವನು ನಾನು. ಗೋದಾಮಿನ ತುಂಬ ಪಾಲಿಯೆಸ್ಟರ್ ಸೀರೆ ಇದ್ದವು ಎಂದು ಆತನ ಹೇಳಿಕೆ. ಪಾಲಿಯೆಸ್ಟರ್ ಸುಟ್ಟರೆ ಬೂದಿಯಾಗುವುದಿಲ್ಲ, ಅದಿತಿ. ಕರಗಿ ಹರಿಯುತ್ತದೆ. ಆರಿದ ಮೇಲೆ ಕರಿಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಹೆಜ್ಜೆಯಿಟ್ಟರೆ ಬೂಟು ಟಕ್ ಅನ್ನಬೇಕು. ಅಲ್ಲಿ ನನ್ನ ಕಾಲು ಮೀನಖಂಡದವರೆಗೆ ಇಳಿಯಿತು. ಮೆತ್ತನೆಯ ಬೂದಿ. ಹತ್ತಿಯ ಚಿಂದಿ, ಒಣಹುಲ್ಲು ಸುಟ್ಟದ್ದು. ಸೀರೆಗಳು ಅದಕ್ಕೂ ಮೊದಲೇ ಬೇರೆ ಕಡೆ ಹೋಗಿದ್ದವು.

ಕಂಡದ್ದನ್ನು ಬರೆದೆ. ನೆಲದ ಮಣ್ಣಿನ ಸಮೇತ ಒಂದು ಮುಷ್ಟಿ ಬೂದಿಯನ್ನು ಮಾದರಿಗೆಂದು ತಂದಿಟ್ಟುಕೊಂಡಿದ್ದೆ, ಮನೆ ಬದಲಿಸುವಾಗ ಎಲ್ಲೋ ಹೋಯಿತು. ಮೇ ತಿಂಗಳಲ್ಲಿ ನಾವು ಅಹಮದಾಬಾದಿಗೆ ಬಂದೆವು.

ಇಷ್ಟೇ. ಇಲ್ಲಿ ಎಲ್ಲ ಎಂದಿನಂತೆ. ಸ್ಟೇಷನ್ನಿನ ಮೈಕು ದಿನವಿಡೀ ನಮ್ಮ ಅಡುಗೆಮನೆಯಲ್ಲೇ ಮಾತಾಡುತ್ತದೆ. ಯಾವ ಗಾಡಿ ಎಷ್ಟು ತಡ ಎಂದು ನಿನ್ನ ಅಮ್ಮನನ್ನು ಕೇಳಿದರೆ ಸಾಕು.

ಆ ಮೃತ್ತಿಕೆಯನ್ನು ಇನ್ನು ಹಚ್ಚಿಕೊಳ್ಳಬೇಡ, ಹಳೆಯದಾಗಿದೆ. ಬರಿಯ ಹಣೆಯಲ್ಲೂ ಪರೀಕ್ಷೆ ಬರೆಯಬಹುದು.

ನಿನ್ನ ಅಪ್ಪ,
ಜಯತೀರ್ಥ


ವಡೋದರಾ
22 ಸೆಪ್ಟೆಂಬರ್ 2024

ಅಪ್ಪಾ,

ಪಾಲಿಯೆಸ್ಟರ್ ಕಲ್ಲಾಗುತ್ತದೆ! ದಿನಾ ಬೆಳಿಗ್ಗೆ ಇದನ್ನೇ ಹೇಳಿಕೊಳ್ಳುತ್ತ ಹಲ್ಲುಜ್ಜುತ್ತೇನೆ.

ಪ್ರಯೋಗ ಕೂಡ ಮಾಡಿದೆ. ರೂಮ್‌ಮೇಟ್ ಅರ್ಚಿತಾಳ ಹಳೇ ದುಪಟ್ಟಾದ ತುಂಡನ್ನು ಬಕೆಟ್ಟಿನ ಮೇಲೆ ಹಿಡಿದು ಕಡ್ಡಿ ಗೀರಿದೆವು. ತೊಟ್ಟು ತೊಟ್ಟಾಗಿ ಬಿತ್ತು, ನೋಡಿದರೆ ಕಪ್ಪು ಮಣಿ. ಒಂದು ಮಣಿ ನನ್ನ ಹೆಬ್ಬೆರಳಿಗೆ ಅಂಟಿ ಬೊಬ್ಬೆ ಬಂದಿದೆ. ಅದನ್ನು ನೋಡಿದಾಗೆಲ್ಲ ನಿಮ್ಮ ಬೂಟಿನ ಸದ್ದು ನೆನಪಾಗುತ್ತದೆ. ಅಪ್ಪ ನಿಜ ಬರೆದರು, ಅದಕ್ಕೆ ಅವರನ್ನು ಎತ್ತಿ ಒಗೆದರು. ಈಗ ನನ್ನ ಸರದಿ.

ಅರ್ಚಿತಾ ವರಾಛಾದವಳು. ಅವಳ ಪಪ್ಪಾ ಇಪ್ಪತ್ತು ವರ್ಷ ಬಾಪಾನ ಕಾರ್ಖಾನೆಯಲ್ಲೇ ಘಂಟಿ ಮುಂದೆ ಕೂತವರು. ನಾನು ಪುಸ್ತಕದ ತುಂಬ ಕೆಂಪು ಗೆರೆ ಎಳೆಯುವುದನ್ನು ನೋಡಿ "ಅರೇ ಯಾರ್, ನೀನು ಪುಸ್ತಕ ಓದ್ತಿದ್ದೀಯೋ, ಎಫ್‌ಐಆರ್ ಬರೀತಿದ್ದೀಯೋ?" ಅಂತಾಳೆ.

ಕಷ್ಟ ಏನು ಗೊತ್ತಾ? ಇದು ಕಾಲೇಜುಗಳಿಗೆಂದು ಹಾಕಿಸಿದ ಅಗ್ಗದ ಮುದ್ರಣ, ಕೊನೆಯಲ್ಲಿ ಹೆಸರುಗಳ ಸೂಚಿಯೇ ಇಲ್ಲ. ಅಧ್ಯಾಯಗಳ ಹೆಸರೆಲ್ಲ ವಜ್ರದವರ ಭಾಷೆಯಲ್ಲಿವೆ. ಬೆಂಕಿ ಎಲ್ಲಿದೆ ಅಂತ ತಿಳಿಯುವುದಿಲ್ಲ, ಹಾಳೆ ಹಾರಿಸಿದರೆ ಕ್ವಿಜ್‌ನಲ್ಲಿ ಸಾಯುತ್ತೇನೆ. ಹಾಗಾಗಿ ಮೊದಲಿಂದ ಒಂದೂ ಸಾಲು ಬಿಡದೆ ಬರುತ್ತಿದ್ದೇನೆ. 330 ಪುಟ ಆಯಿತು.

ಇನ್ನೊಂದು ಕಷ್ಟ ಹೇಳಲು ನಾಚಿಕೆ. ಪುಟ 140ರಲ್ಲಿ ನಾನು ಅತ್ತೆ. ವಜ್ರದ ಪೇಟೆ ಬಿದ್ದು ಎಲ್ಲರೂ ಕಾರ್ಖಾನೆಗೆ ಬೀಗ ಹಾಕಿದಾಗ ಈತ ಮಾತ್ರ ತೆಗೆದೇ ಇಟ್ಟನಂತೆ. ಕೆಲಸ ಇಲ್ಲ. ಆದರೂ ಬೇಡದ ಕಲ್ಲುಗಳನ್ನೇ ಹಂಚಿ, ಉಜ್ಜಿದ್ದನ್ನೇ ಮತ್ತೆ ಉಜ್ಜಿಸಿದನಂತೆ, ಗಂಡಸರು ಬೆಳಿಗ್ಗೆ ಡಬ್ಬಿ ಹಿಡಿದು ಮನೆಯಿಂದ ಹೊರಡುವಂತಿರಲಿ ಅಂತ. ಅರ್ಚಿತಾ ಹೇಳಿದಳು, ಅದು ನಿಜ, ಅವಳ ಪಪ್ಪಾ ಹಾಗೆ ಉಜ್ಜಿದವರೇ. ಆಮೇಲೆ ಪುಟ 212. ತನ್ನನ್ನು ಹಳ್ಳಿಯಿಂದ ಕೈಹಿಡಿದು ಕರೆತಂದ ಪಾಲುದಾರ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಹಾಸಿಗೆಯ ಮೇಲೇ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಪಾಲು ಬಿಡಿಸಿದ. ಬರೆದವನು ಎರಡನ್ನೂ ಒಂದೇ ಧಾಟಿಯಲ್ಲಿ ಹೇಳಿಕೊಂಡು ಹೋಗುತ್ತಾನೆ. ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಸುಲಭ ಇತ್ತು. ಸದ್ಯ, ನಿಮ್ಮ ಗೋದಾಮು ಇದೆ.

ಮತ್ತೊಂದು ವಿಷಯ. ನಡುವಿನ ಫೋಟೋಗಳಲ್ಲಿ ಬಿಳಿ ಸೀರೆಯ ಒಬ್ಬ ಮುದುಕಿ ಇದ್ದಾಳೆ. ಅದು ನಮ್ಮ ಶಾಲೆಯ ಮೋಟೀಬಾ, ಶಾಲೆಗೆ ಹೆಸರು ಕೊಟ್ಟ ಅಜ್ಜಿ! ಎಂಟು ವರ್ಷ ಬೆಳಿಗ್ಗೆ ನಾವು ಕೈಮುಗಿದು ಹಾಡುತ್ತಿದ್ದ ಫೋಟೋ. ಆಕೆ ಬಾಪಾನ ತಾಯಿಯಂತೆ. ಅಂದರೆ ನಮ್ಮ ಶಾಲೆಯ ಟ್ರಸ್ಟ್ ಆತನದೇ? ನಿಮಗೆ ಗೊತ್ತಿತ್ತಾ? ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಅಲ್ಲಿಗೆ ಹಾಕುತ್ತಿರಲಿಲ್ಲ, ಅಲ್ಲವಾ?

ಜನವರಿಯ ಸ್ವಾಗತ ಸಮಿತಿಗೆ ನನ್ನನ್ನು ಆರಿಸಿದ್ದಾರೆ. ಆರತಿ ತಟ್ಟೆ ಹಿಡಿದು ಮುಖ್ಯ ಅತಿಥಿಗೆ ತಿಲಕ ಇಡುವ ಹುಡುಗಿ ನಾನು. "ಉದ್ದ ಇದ್ದೀಯ, ಮಾತಾಡಲ್ಲ" ಅನ್ನುವುದು ಕಾರಣ. ಮಾತಾಡಲ್ಲವಂತೆ. ನೋಡೋಣ.

ನೀವು ಬೇಡ ಅಂದರೂ ಡಬ್ಬಿ ಬಿಟ್ಟಿಲ್ಲ. ಇನ್ನು ಎಂಟು ಕ್ವಿಜ್‌ಗೆ ಆಗುತ್ತದೆ.

ನಿಮ್ಮ ಕೈಯ ಕೋಲು,
ಅದಿತಿ


ಮಣಿನಗರ
3 ಅಕ್ಟೋಬರ್ 2024

ಚಿ. ಅದಿತಿಗೆ,

ಕಾರ್ಡಿನಲ್ಲಿ ಹೆಚ್ಚು ಬರೆಯಲು ಜಾಗವಿಲ್ಲ. ಹೆಬ್ಬೆರಳಿಗೆ ಮುಲಾಮು ಹಚ್ಚು. ಶಾಲೆಯ ವಿಷಯ ಎದುರಿಗೆ ಸಿಕ್ಕಾಗ ಮಾತಾಡೋಣ. ದೀಪಾವಳಿಗೆ ತಪ್ಪದೆ ಬಾ.

ಅಪ್ಪ


ವರಾಛಾ, ಸೂರತ್
6 ನವೆಂಬರ್ 2024

ಶ್ರೀ ಜಯತೀರ್ಥ ಅವರಿಗೆ,

ದೀಪಾವಳಿಗೆ ನಾನು ಬರಲಿಲ್ಲ. ಅರ್ಚಿತಾಳ ಜೊತೆ ಅವಳ ಮನೆಗೆ ಬಂದೆ. ಕಾರ್ಖಾನೆಗಳಿಗೆ ರಜೆ, ಓಣಿಯಲ್ಲಿ ಅಷ್ಟು ಜನರಿದ್ದರೂ ಘಂಟಿಗಳ ಸದ್ದಿಲ್ಲದೆ ಕಿವಿ ಮುಚ್ಚಿಕೊಂಡ ಹಾಗಿದೆ ಅಂತ ಅವಳ ಪಪ್ಪಾ ಹೇಳಿದರು. ವಜ್ರ ಕಟ್ಟುವ ಕಾಗದವನ್ನು ಹೇಗೆ ಮಡಿಸುತ್ತಾರೆ ಅಂತ ತೋರಿಸಿಕೊಟ್ಟರು. ಅಂಟಿಲ್ಲ, ದಾರವಿಲ್ಲ, ಐದು ಮಡಿಕೆ. ಗೊತ್ತಿದ್ದವರು ಒಂದೇ ಕೈಯಲ್ಲಿ ಬಿಚ್ಚುತ್ತಾರೆ. ನಾನು ಹತ್ತು ಸಲ ಮಡಿಸಿ ಕಲಿತೆ. ಅದಾದ ಮೇಲೆ ಅವರ ವರಾಂಡದಲ್ಲಿ ಕೂತು ಓದಲು ತೆಗೆದೆ. ಬೆಂಕಿ ಸಿಕ್ಕಿತು.

ಪುಟ 611. ನಿಮಗಾಗಿ ಕನ್ನಡಕ್ಕೆ ತರುತ್ತೇನೆ, ತಪ್ಪಿದ್ದರೆ ತಿದ್ದಿ.

"ವಿರೋಧಿಗಳು ಬೆಂಕಿಯನ್ನು ನಾಟಕವೆಂದರು. ಆದರೆ ಕರ್ನಾಟಕದಿಂದ ಬಂದ ಜಯತೀರ್ಥ ಎಂಬ ಸಾಧು ವಿಮಾಧಿಕಾರಿ, ಬೂದಿಯಲ್ಲಿ ತಾನೇ ಕೈಯಿಟ್ಟು ನೋಡಿ, ನಷ್ಟ ನಿಜವೆಂದು ಬರೆದುಕೊಟ್ಟರು. ಬಾಪಾ ಆ ಪ್ರಾಮಾಣಿಕತೆಯನ್ನು ಮರೆಯಲಿಲ್ಲ. ಅಧಿಕಾರಿಯ ಪುಟ್ಟ ಮಗಳನ್ನು ತಮ್ಮ ತಾಯಿಯ ಹೆಸರಿನ ಶಾಲೆಯಲ್ಲಿಟ್ಟು ಓದಿಸಿದರು. ಪ್ರತಿಯಾಗಿ ಏನನ್ನೂ ಬಯಸಲಿಲ್ಲ."

ಆ ಪುಟ್ಟ ಮಗಳು ನಾನು. ಹೆಸರು ಹಾಕಿಲ್ಲ.

ನನಗೆ ಬೇಕಾಗಿದ್ದ ಸುಳ್ಳು ಸಿಕ್ಕಿತು. ಯಾರದು ಅಂತ ಮಾತ್ರ ಗೊತ್ತಾಗುತ್ತಿಲ್ಲ. ಆತನದೋ, ನಿಮ್ಮದೋ?

ಫೋನ್ ಮಾಡಬೇಡಿ. ಎತ್ತುವುದಿಲ್ಲ. ಬರೆಯಿರಿ.

ಅದಿತಿ


ಮಣಿನಗರ
1 ಡಿಸೆಂಬರ್ 2024

ಅದಿತೀ,

ನಾ ಕಾಗದ ಬರದು ಎಷ್ಟು ವರ್ಷಾತೋ. ನಿಮ್ಮ ಅಪ್ಪ ನಾಕು ಸಲ ಬರೀಲಿಕ್ಕೆ ಕೂತ್ರು, ನಾಕೂ ಸಲ ಹರದು ಹಾಕಿದ್ರು. ಅದಕ್ಕ ನಾನ ಕೂತೀನಿ. ನನ್ನ ಕಾಗದಾ ತಿದ್ದಲಿಕ್ಕೆ ಹೋಗಬ್ಯಾಡ, ನಾ ಮಾತಾಡಿದ್ಹಾಂಗ ಬರೀತೀನಿ.

ನೀ ಮೃತ್ತಿಕಾ ಮುಗೀಲಿಕ್ಕೆ ಬಂತು ಅಂದಿದ್ದು ಅವರು ನನಗ ಹೇಳಿರಲೇ ಇಲ್ಲ. ಮೊನ್ನೆ ನಿನ್ನ ಕಾಗದಾ ಎಲ್ಲಾ ತಗದು ಓದಿದಾಗ ಗೊತ್ತಾತು. "ಹೋದ ವರ್ಷ ಮಂತ್ರಾಲಯದಿಂದ ತಂದ ಪೊಟ್ಟಣ ಅದ, ಕಳಸೋಣಲ್ಲಾ" ಅಂದೆ. ಅವರು ಅಂದ್ರು, "ಶಾಂತಾ, ಆ ಡಬ್ಬ್ಯಾಗ ಇದ್ದದ್ದು ಮೃತ್ತಿಕಾ ಅಲ್ಲ."

ಸೂರತ್ತಿನಿಂದ ಸಾಮಾನು ತಂದಾಗ ಅವರ ಅಂಗೀ ನಡುವ ಆ ಡಬ್ಬಿ ಸಿಕ್ಕಿತ್ತು ನನಗ. ಹಳೇ ಕ್ಯಾಮೆರಾ ರೀಲಿಂದು. ಮುಚ್ಚಳಾ ತಗದ್ರ ಬೂದು ಮಣ್ಣು. ನಮ್ಮ ಅವ್ವ ಕೊಟ್ಟಿದ್ದ ಮೃತ್ತಿಕಾ ಅಂತ ತಿಳದು ಕಣ್ಣಿಗೆ ಒತ್ಕೊಂಡು ದೇವರ ಮುಂದ ಇಟ್ಟೆ. ನಿನ್ನ ಹಾಸ್ಟೆಲಿಗೆ ಕಳಸೋ ದಿನ ಹಣೀಗೆ ಹಚ್ಚಿ, ಡಬ್ಬೀನ ನಿನ್ನ ಟ್ರಂಕಿನ್ಯಾಗ ಇಟ್ಟೆ. ಅದು ಆ ಗೋದಾಮಿನ ಬೂದಿ ಅಂತ. ಅವರು ಅಲ್ಲೇ ನಿಂತು ನೋಡಿದ್ರಂತ, ಒಂದು ಮಾತು ಆಡಲಿಲ್ಲಂತ.

ಎಂಟು ವರ್ಷ ನನ್ನ ಮಗಳ ಹಣೀಗೆ ಏನ ಹಚ್ಚಿಸಿದೆ ಅಂತ ನೆನಿಸಿದ್ರ ನನಗ ಊಟ ಸೇರವಲ್ದು. ದೇವರ ಮನಿ ಎರಡು ಸಲ ತೊಳದೆ. ಅವರ ಜೋಡಿ ನಾ ಮಾತು ಬಿಟ್ಟೀನಿ. ಅಡಗೀ ಮಾಡಿ ಇಡ್ತೀನಿ, ಅಷ್ಟ.

ಉಳದದ್ದು ಅವರ ಬಾಯಿಂದಲೇ ಬರಲಿ. ಬರೀದಿದ್ರ ನಾ ಬಿಡೂದಿಲ್ಲ.

ಅಮ್ಮ


ಮಣಿನಗರ
15 ಡಿಸೆಂಬರ್ 2024

ಅದಿತಿಗೆ,

ಎರಡು ಟಿಪ್ಪಣಿಗಳನ್ನು ಬರೆದೆ. ಮೊದಲನೆಯದು ನಿಜ, ನಿನಗೆ ಹೇಳಿದ್ದೇನೆ. ಎರಡನೆಯದನ್ನು ಹೇಳಲಿಲ್ಲ.

ಮೊದಲನೆಯದನ್ನು ಬರೆದ ವಾರ ಆತ ನಮ್ಮ ಮನೆಗೆ ಬಂದ. ಕಾರನ್ನು ದೂರ ನಿಲ್ಲಿಸಿ, ನಡೆದು ಬಂದ. ಕುರ್ಚಿ ಕೊಟ್ಟರೆ ಬೇಡವೆಂದು ಚಾಪೆಯ ಮೇಲೆ ಕೂತ. ನಿನ್ನ ಅಮ್ಮ ಮಾಡಿದ ಅವಲಕ್ಕಿಯನ್ನು ಇನ್ನೊಮ್ಮೆ ಹಾಕಿಸಿಕೊಂಡು ತಿಂದ. ಬೆಂಕಿಯ ಬಗ್ಗೆ ಒಂದಕ್ಷರ ಆಡಲಿಲ್ಲ. ನಿನ್ನನ್ನು ಕರೆದು ಏನಾದರೂ ಹೇಳೆಂದ. ನೀನು ಕೈಕಟ್ಟಿ ನಿಂತು ಇಂಗ್ಲಿಷ್ ಪದ್ಯವೊಂದನ್ನು ಹೇಳಿದೆ. ಆತ ಕಣ್ಣು ಒರೆಸಿಕೊಂಡ. ನಾಟಕವೆನ್ನಲಾರೆ, ನಿಜವಾಗಿ ನೀರು ಬಂದಿತ್ತು. "ಈ ಹುಡುಗಿಗೆ ಒಳ್ಳೆಯ ಶಾಲೆ ಬೇಕು" ಎಂದ. ಮರುದಿನ ಅರ್ಜಿಯ ನಮೂನೆ ಬಂತು. ಅದರ ಕೆಳಗೆ ಒಂದು ಖಾಲಿ ಹಾಳೆ ಪಿನ್ ಮಾಡಿತ್ತು. ಅದರಲ್ಲಿ ಏನು ಬರೆಯಬೇಕೆಂದು ಯಾರೂ ಹೇಳಲಿಲ್ಲ. ನಾನೇ ಅರ್ಥಮಾಡಿಕೊಂಡೆ.

ಬೆದರಿಸಿದ್ದರೆ ನಾನು ಗಟ್ಟಿಯಾಗುತ್ತಿದ್ದೆನೋ ಏನೋ. ಪ್ರೀತಿಯಿಂದ ಬಂದ. "ಹತ್ತಿ ಅಸ್ತರಿನ ಸೀರೆಗಳೂ ಇದ್ದುದರಿಂದ ಬೂದಿ ಸಹಜ" ಎಂದು ಬರೆದು ಸಹಿ ಮಾಡಿ, ಮೊದಲ ಟಿಪ್ಪಣಿಯ ಜಾಗದಲ್ಲಿ ಕಡತಕ್ಕೆ ಸೇರಿಸಿದೆ. ಅಂಥ ಸೀರೆ ಆ ಗೋದಾಮಿನಲ್ಲಿ ಒಂದೂ ಇರಲಿಲ್ಲ.

ವರ್ಗಾವಣೆಯನ್ನೂ ನಾನೇ ಕೇಳಿ ಪಡೆದೆ. ಸೂರತ್‌ನಲ್ಲಿ ಇರಲಾಗಲಿಲ್ಲ. ಟಿವಿಯ ಪ್ಲಗ್ ಕಿತ್ತದ್ದು ಆತನ ಮೇಲಿನ ಸಿಟ್ಟಿಗೆ ಎಂದು ನೀನು ತಿಳಿದೆ. ನಾನೂ ಹಾಗೇ ತಿಳಿದುಕೊಂಡಿರಲು ಯತ್ನಿಸಿದೆ.

ಡಬ್ಬಿಯ ವಿಷಯ ಅಮ್ಮ ಬರೆದಿದ್ದಾಳೆ. ಆ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಕೆಳಗೆ ಆಟೋ ಹಾರ್ನ್ ಹೊಡೆಯುತ್ತಿತ್ತು. ಬಾಯಿಬಿಟ್ಟರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ನಿನ್ನ ಹಣೆಯ ಮೇಲೆ ಅದನ್ನು ನೋಡುತ್ತ ನಿಂತೆ.

ಮೊದಲ ಟಿಪ್ಪಣಿಯ ಕಾರ್ಬನ್ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ನನ್ನ ಕೈಬರಹ, ನನ್ನ ಸಹಿ. ನನಗೆ ಇನ್ನು ಎರಡು ವರ್ಷ ಎರಡು ತಿಂಗಳು ನೌಕರಿಯಿದೆ. ಇದು ಹೊರಗೆ ಬಿದ್ದರೆ ಆತನ ಜೊತೆ ನಾನೂ ಬೀಳುತ್ತೇನೆ. ಹಾಗೆಂದು ಬೇಡುತ್ತಿಲ್ಲ. ನಿನ್ನ ಕೈಗೆ ಕೊಟ್ಟಿದ್ದೇನೆ.

ಜಯತೀರ್ಥ


ವಡೋದರಾ
10 ಜನವರಿ 2025

ಅಪ್ಪಾ,

ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ನನಗಿಂತ ಮೊದಲು ತಲುಪಬೇಕು.

ನಿಮ್ಮ ಕಾಗದ ಬಂದ ಮೇಲೆ ನಾಲ್ಕು ದಿನ ನಾನು ಇಂಗ್ಲಿಷ್ ಮಾತಾಡಲಿಲ್ಲ. ಬಾಯಿಗೆ ಬಂದ ಪ್ರತಿ ಪದವೂ ಆತನ ಮನೆಯ ಪಾತ್ರೆಯ ಹಾಗೆ ಕಂಡಿತು. ಆಮೇಲೆ ಅನ್ನಿಸಿತು, ಕಲಿತದ್ದಂತೂ ನಾನು. ಹತ್ತನೆಯ ವಯಸ್ಸಿಗೆ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತವಳೂ ನಾನು. ಇನ್ನು ಅದರಿಂದ ಏನು ಮಾಡಬೇಕು ಅನ್ನುವುದೂ ನನಗೇ ಬಿಟ್ಟದ್ದು.

ನಿನ್ನೆ ಆತ ಬಂದ.

ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣದ ಬಾಗಿಲಲ್ಲಿ ನಾನು ತಟ್ಟೆ ಹಿಡಿದು ನಿಂತಿದ್ದೆ. ಕುಂಕುಮ, ಅಕ್ಕಿ, ದೀಪ, ತೆಂಗಿನಕಾಯಿ. ಕುಂಕುಮದ ಪಕ್ಕದ ಪುಟ್ಟ ಬಟ್ಟಲಲ್ಲಿ ಕಪ್ಪು ಡಬ್ಬಿಯದು. ತೆಂಗಿನಕಾಯಿಯ ಕೆಳಗೆ ನಿಮ್ಮ ಟಿಪ್ಪಣಿಯ ಜೆರಾಕ್ಸು, ವಜ್ರ ಕಟ್ಟುವ ಹಾಗೆ ಐದು ಮಡಿಕೆ ಮಡಿಸಿ. ದೀಪ ತಟ್ಟೆಯಲ್ಲಿ ತಾನಾಗಿಯೇ ಆರತಿ ಮಾಡುತ್ತಿತ್ತು. "ಎಸಿ ಜಾಸ್ತಿ ಆಯ್ತಾ ಬೇಟಾ?" ಅಂದರು ಪ್ರಿನ್ಸಿಪಾಲ್.

ಆತ ಗಿಡ್ಡ, ಅಪ್ಪಾ. ನನ್ನ ಭುಜಕ್ಕೆ ಬರುತ್ತಾನೆ. ಪುಟ 19ರಲ್ಲಿ ಮುರಿದ ಮುಂದಿನ ಹಲ್ಲು ಹಾಗೇ ಇದೆ. ತಿಲಕಕ್ಕೆಂದು ಮಗುವಿನ ಹಾಗೆ ಹಣೆ ಮುಂದೆ ಮಾಡಿ ಕಣ್ಣು ಮುಚ್ಚಿದ. ಕಿವಿಯಲ್ಲಿ ಬಿಳಿ ಕೂದಲು, ನಮ್ಮ ಅಜ್ಜನ ಹಾಗೆ. ಒಂದು ಕ್ಷಣ ಬೆರಳು ಕುಂಕುಮದ ಕಡೆ ಹೋಯಿತು. ಸುಳ್ಳು ಹೇಳುವುದಿಲ್ಲ, ಹೋಯಿತು. ಆಮೇಲೆ ಆಟೋದ ಹಾರ್ನ್ ನೆನಪಾಯಿತು. ಬೂದಿಯಲ್ಲಿ ಅದ್ದಿ, ಹುಬ್ಬಿನ ನಡುವಿನಿಂದ ಕೂದಲಿನವರೆಗೆ ಉದ್ದಕ್ಕೆ ಎಳೆದೆ.

"ಆ ಶು ಛೇ? ಇದೇನು?" ಪ್ರಿನ್ಸಿಪಾಲ್ ಗಾಬರಿಯಾದರು.

"ನಮ್ಮ ಕಡೆಯ ಪ್ರಸಾದ, ಸರ್. ಪರೀಕ್ಷೆಗೆ ಹೋಗುವಾಗ ಹಚ್ಚುತ್ತೇವೆ."

ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಒಳಗೆ ಹೋದವರೇ ಮೈಕಿನಲ್ಲಿ ಸಾರಿದರು: ನಮ್ಮ ಕರ್ನಾಟಕದ ವಿದ್ಯಾರ್ಥಿನಿ ಬಾಪಾಗೆ ದಕ್ಷಿಣದ ಪವಿತ್ರ ಪ್ರಸಾದ ಹಚ್ಚಿದ್ದಾಳೆ! ಒಳಗಿನಿಂದ ಚಪ್ಪಾಳೆ ಬಿತ್ತು.

ಬಾಪಾ ಇನ್ನೂ ಬಾಗಿಲಲ್ಲೇ ಇದ್ದ. ಹಣೆ ಮುಟ್ಟಿಕೊಂಡ. ಬೆರಳಿಗೆ ಹತ್ತಿದ್ದನ್ನು ಹೆಬ್ಬೆರಳಿನಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದ. ಕಲ್ಲು ನೋಡುವವರು ಹಾಗೆಯೇ ನೋಡುವುದು. ನಾನು ಮಡಿಕೆ ಕೈಗೆ ಕೊಟ್ಟೆ. ಅಷ್ಟು ವರ್ಷದ ಅಭ್ಯಾಸ ನೋಡಿ, ಯೋಚಿಸುವ ಮೊದಲೇ ಒಂದೇ ಕೈಯಲ್ಲಿ ಬಿಚ್ಚಿಬಿಟ್ಟ. ಓದಿದ. ಸಹಿ ನೋಡಿದ. ನನ್ನ ಎದೆಯ ಮೇಲಿನ ಹೆಸರುಪಟ್ಟಿ ನೋಡಿದ. ಅದಿತಿ ಜಯತೀರ್ಥ.

"ಪದ್ಯ ಹೇಳಿದ ಹುಡುಗಿ" ಅಂದ.

ಆತನಿಗೆ ನೆನಪಿತ್ತು, ಅಪ್ಪಾ. ನನಗಿಲ್ಲದ್ದು ಆತನಿಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

"ಹೌದು ಬಾಪಾ. ನೀವು ಓದಿಸಿದಿರಿ, ನಾನು ಓದಿದೆ. ಪುಟ 611 ಕೂಡ."

ಕಾಗದವನ್ನು ಅವೇ ಐದು ಮಡಿಕೆಗೆ ಮಡಿಸಿ ಜೇಬಿಗೆ ಹಾಕಿದ. "ಏನು ಬೇಕು ನಿನಗೆ?" ದನಿ ಏರಿಸಲಿಲ್ಲ. ಕೇಳಿದ್ದನ್ನು ಕೊಟ್ಟು ಅಭ್ಯಾಸವಾದವರು ಕೇಳುವ ಹಾಗೆ ಕೇಳಿದ.

"ಏನೂ ಬೇಡ. ಒರೆಸಿಕೊಳ್ಳಬೇಡಿ, ಅಷ್ಟೇ."

ನಾನು ಮೊದಲ ಸಾಲಿನಲ್ಲಿ, ಆತನ ಎದುರಿಗೇ ಕೂತೆ. ಒಂದು ಗಂಟೆ ನಲವತ್ತು ನಿಮಿಷ. ಆತನ ಕೈ ಮೂರು ಸಲ ಕರವಸ್ತ್ರಕ್ಕೆ ಹೋಯಿತು. ಮೂರು ಸಲವೂ ನನ್ನನ್ನು ನೋಡಿದ, ಕೈ ವಾಪಸ್ ಬಂತು. ಪವಿತ್ರ ಪ್ರಸಾದ ಅಂತ ಮೈಕಿನಲ್ಲಿ ಹೇಳಿಯಾಗಿದೆ, ಎಂಟುನೂರು ಜನ ನೋಡುತ್ತಿದ್ದಾರೆ, ಒರೆಸುವುದು ಹೇಗೆ? ಭಾಷಣದಲ್ಲಿ ಪ್ರಾಮಾಣಿಕತೆ ಅನ್ನುವ ಪದ ಬಂದಾಗ ಬೆವರಿಗೆ ಬೂದಿ ಮೂಗಿನವರೆಗೆ ಇಳಿದಿತ್ತು. ಇವತ್ತಿನ ಪೇಪರಿನ ಫೋಟೋ ಕತ್ತರಿಸಿ ಇಟ್ಟಿದ್ದೇನೆ. ಕಸದ ಬುಟ್ಟಿಗೆ ಹಾಸಬೇಡಿ. ನಿಮ್ಮ ಕಳೆದುಹೋದ ಮಾದರಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಾರ್ಬನ್ ಪ್ರತಿ ನನ್ನ ಹತ್ತಿರವೇ ಇದೆ. ಈಗ ಎಲ್ಲಿಗೂ ಕಳಿಸುವುದಿಲ್ಲ. ನೀವು ನಿವೃತ್ತರಾದ ಮರುದಿನ ಅದು ಪುಸ್ತಕ ಬರೆದವರಿಗೆ ಹೋಗುತ್ತದೆ, ಜೊತೆಗೆ ನನ್ನದೊಂದು ಕಾಗದ, ಬಾಪಾ ಕಲಿಸಿದ ಒಳ್ಳೆಯ ಇಂಗ್ಲಿಷಿನಲ್ಲಿ. ಅಲ್ಲಿಯವರೆಗೆ ನೀವೂ ಆತನೂ ದಿನ ಎಣಿಸಿ. ಎರಡು ವರ್ಷ ಎರಡು ತಿಂಗಳು ಅಂತ ಬರೆದಿದ್ದಿರಿ. ಒಂದು ತಿಂಗಳು ಆಗಲೇ ಹೋಯಿತು.

ಅಮ್ಮನಿಗೆ ಹೇಳಿ, ಅವಳ ತಪ್ಪಿಲ್ಲ, ಊಟ ಮಾಡಲಿ. ಅವಳು ಕಣ್ಣಿಗೆ ಒತ್ತಿಕೊಂಡು ಹಚ್ಚಿದ್ದು ನನಗೆ ಮೃತ್ತಿಕೆಯೇ ಆಗಿತ್ತು.

ಮಂಗಳವಾರ ಉತ್ತರಾಯಣ, ನಮ್ಮ ಸಂಕ್ರಾಂತಿ. ಬೆಳಗಿನ ಗಾಡಿಗೆ ಬರುತ್ತೇನೆ. ಮಹಡಿಯ ಮೇಲೆ ಎಲ್ಲರೂ ಗಾಳಿಪಟಕ್ಕೆ ಹೋಗಿರುತ್ತಾರೆ, ಮನೆಯಲ್ಲಿ ನಾವು ಮೂರೇ ಜನ ಇರುತ್ತೇವೆ. ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿಲ್ಲ, ಒಂದು ಬೆರಳಿಗಾಗುವಷ್ಟು ಉಳಿಸಿ ತರುತ್ತಿದ್ದೇನೆ.

ಈ ಸಲ ಬಾಗಿಲಲ್ಲಿ ನಿಲ್ಲಬೇಡಿ. ಸ್ನಾನ ಮಾಡಿ, ದೇವರ ಮುಂದೆ ಮಣೆ ಹಾಕಿಕೊಂಡು ಕೂತಿರಿ. ಹಣೆಗೆ ಏನೂ ಹಚ್ಚಿಕೊಂಡಿರಬೇಡಿ.

ಪುಟ 611ರ ಪುಟ್ಟ ಮಗಳು,
ಅದಿತಿ